ಬೇಸಿಗೆಲಿ ನೀರು ಹಾಕಿ ಗಿಡ ಸಾಯಿಸ್ದೆ

ಮಾನ್ಯರೇ,

ಹೋದ ವಾರ ನಿಮ್ಮ ಪೇಪರಲ್ಲಿ ಬೇಸಿಗೆಲಿ ಕೈತೋಟಕ್ಕೆ ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿ ಅಂತ ಬಂದಿತ್ತಲ್ಲ, ಅದು ನಮ್ಮೂರಿಗೆ ಸರಿ. ಆದ್ರೆ ಮಕ್ಕಳ ಮನೆ ಅಂತ ಕ್ಯಾಲಿಫೋರ್ನಿಯಾಗೆ ಹೋಗೋ ನನ್ನಂಥ ವಯಸ್ಸಾದೋರು ಅಲ್ಲೂ ಅದನ್ನೇ ಮಾಡ್ಬೇಡಿ, ಮಾಡಿ ಕೆಟ್ಟೋನು ನಾನು.

ಹೋದ ವರ್ಷ ಮೇನಲ್ಲಿ ಸ್ಯಾನ್ ಹೋಸೆಯ ಮಗಳ ಮನೆಗೆ ಹೋಗಿದ್ವಿ. ಮನೆ ಮುಂದಿನ ಲಾನ್ ಕಿತ್ತಾಕಿದ್ಲು, ಅಲ್ಲಿ ನೀರಿನ ಇಲಾಖೆಯೋರೇ ಲಾನ್ ತೆಗೆದೋರಿಗೆ ಚದರಡಿ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ (ನಮ್ಮಲ್ಲಿ ಟ್ಯಾಂಕರ್ ತರಿಸಿ ಲಾನ್ ಬೆಳೆಸ್ತಾರೆ, ಇರ್ಲಿ ಬಿಡಿ). ಆ ಜಾಗದಲ್ಲಿ ಅಲ್ಲಿನ ಗುಡ್ಡದ ಗಿಡಗಳು, ಬುಡಕ್ಕೆ ಮೂರಿಂಚು ಮರದ ಚಕ್ಕೆ. ಜುಲೈ ಹೊತ್ತಿಗೆ ಸಿಯಾನೋಥಸ್ ಅನ್ನೋ ಗಿಡ ಮಂಕಾಗಿ ಕೂತಿತ್ತು, ನಾಲ್ಕು ವರ್ಷದ ಗಿಡ, ಚಳ್ಳಕೆರೆಯೋನು ನಾನು, ಒಣಗೋದನ್ನ ನೋಡ್ಕೊಂಡು ಸುಮ್ನಿರೋಕಾಗುತ್ತಾ, ಮಗಳು ಆಫೀಸಿಗೆ ಹೋದ್ಮೇಲೆ ದಿನಾ ಪೈಪ್ ಹಿಡ್ದೆ. ಮೂರು ವಾರಕ್ಕೆ ಒಂದು ಕೊಂಬೆ ಹಳದಿಯಾಯ್ತು. ನೀರು ಸಾಲ್ತಿಲ್ಲ ಅಂತ ಇನ್ನೂ ಹಾಕ್ದೆ! ಆಗಸ್ಟ್ ಕೊನೆಗೆ ಪೂರ್ತಿ ಹೋಯ್ತು, ಕಿತ್ತು ನೋಡಿದ್ರೆ ಬೇರು ಕಪ್ಪಗಾಗಿ ಸಿಪ್ಪೆ ಕೈಗೇ ಬಂತು.

ಅಲ್ಲಿ ಮಳೆಗಾಲ ನಮ್ಮದಕ್ಕೆ ಉಲ್ಟಾ ಸ್ವಾಮಿ. ನಮಗೆ ಮುಂಗಾರು ಶುರುವಾಗೋ ಜೂನಿಂದ ಸೆಪ್ಟೆಂಬರ್‌ವರೆಗೂ ಅಲ್ಲಿ ಹನಿ ಬೀಳೋದೇ ಅಪರೂಪ, ವರ್ಷಕ್ಕೆ ಬರೋ ಸುಮಾರು 15 ಇಂಚಲ್ಲಿ ಹೆಚ್ಚಿನದೆಲ್ಲ ನವೆಂಬರ್ ಮಾರ್ಚ್ ಮಧ್ಯೆ, ಚಳಿ ಜೊತೆ. ಅದಕ್ಕೇ ಅಲ್ಲಿನ ಗಿಡ ಚಳಿಗಾಲದಲ್ಲಿ ಬೇರು ಬಿಟ್ಟು ಬೇಸಿಗೆಲಿ ನಿದ್ದೆ ಹೊಡಿಯುತ್ತೆ, ಆಗ ಬಿಸಿ ಮಣ್ಣು ಹಸಿಯಾಗೇ ಇದ್ರೆ ಬೇರು ಕೊಳೆಸೋ ರೋಗ ಏಳುತ್ತೆ. 2015ರ ಬರದಲ್ಲಿ ಗವರ್ನರ್ ಜೆರ್ರಿ ಬ್ರೌನ್ ಊರುಗಳ ನೀರಿನ ಬಳಕೆ 25% ಇಳಿಸ್ಬೇಕು ಅಂತ ಆರ್ಡರ್ ಮಾಡಿದ್ರಲ್ಲ, ಅಂಥ ರಾಜ್ಯದಲ್ಲಿ ಕೂತು ನಾನು ಗಿಡ ಸಾಯಿಸೋಕೆ ನೀರು ಸುರಿದಿದೀನಿ.

ಗಿಡ ನೆಡ್ಬೇಕು ಅನ್ಸಿದ್ರೆ ದೀಪಾವಳಿವರೆಗೂ ಕಾಯಿರಿ, ಮೊದಲ ಮಳೆ ಹತ್ರ ನೆಟ್ರೆ ಮುಂದಿನದು ಮಳೆ ನೋಡ್ಕೊಳುತ್ತೆ. ಮೊದಲ ಬೇಸಿಗೆ ಮಾತ್ರ ಎರಡು ಮೂರು ವಾರಕ್ಕೊಮ್ಮೆ ಚೆನ್ನಾಗಿ ನೆನೆಸಿದ್ರೆ ಸಾಕು. ಟೊಮೇಟೊ, ಕರಿಬೇವಿನ ಕುಂಡದ ವಿಷಯ ಬೇರೆ, ಅವಕ್ಕೆ ಬೇಕೇ ಬೇಕು, ಮಗಳು ಡ್ರಿಪ್ ಹಾಕ್ಸಿದಾಳೆ.

ನವೆಂಬರಲ್ಲಿ ವಾಪಸ್ ಹೊರಡೋ ಮುಂಚೆ ಅದೇ ಗುಂಡಿ ಪಕ್ಕ ಹೊಸ ಸಸಿ ನೆಟ್ಟು ಬಂದಿದೀನಿ. ಈ ಮೇಗೆ ಮತ್ತೆ ಹೋಗ್ತಿದೀವಿ. ಪೈಪ್ ಎಲ್ಲಿಟ್ಟಿದೀನಿ ಅಂತ ಮಗಳು ನನ್ನ ಹೆಂಡತಿಗೆ ಮಾತ್ರ ಹೇಳಿದಾಳೆ.

– ಓದುಗ, ಚಳ್ಳಕೆರೆ