ಉಪ್ಪಾಗೆ ಹೆಕ್ಕಲು ಹೋದ ದಿನ

ಪುಟ್ಟಿ,

ನೀನು ಕಾರವಾರ ಮುಟ್ಟಿದ್ದು ನಿನ್ನ ರೂಮಿನ ಹುಡುಗಿಯಿಂದ ಗೊತ್ತಾಯಿತು. ನನ್ನ ಫೋನ್ ಎತ್ತುವುದಿಲ್ಲ ಅಂತ ಹಟ ಹಿಡಿದಿದ್ದೀಯ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಮಾವ ಆ ಕಡೆ ಬರುತ್ತಾನೆ, ಅವನ ಕೈಲಿ ಕೊಡುತ್ತೇನೆ. ನೀನು ಬಿಟ್ಟು ಹೋದ ಚಾರ್ಜರೂ ಇದೆ.

ಆ ರಾತ್ರಿಯ ಮಾತೆಲ್ಲ ಮತ್ತೆ ಬೇಡ. ಆದರೆ ಫ್ರಿಜ್ಜಿನಲ್ಲಿದ್ದ ಕಾಡುಮಾಂಸದ ಡಬ್ಬಿಗೆ ‘ಹುಣಸೆಹಣ್ಣು’ ಅಂತ ಚೀಟಿ ಅಂಟಿಸಿದ್ದು ನಾನು, ಅಪ್ಪ ಅಲ್ಲ. ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು. ನೀನು ಕೂಗಾಡಿದ್ದು ಮಾತ್ರ ಅಪ್ಪನ ಮೇಲೆ. ಅವರು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಊಟಕ್ಕೆ ಕೂತ ಗೆಸ್ಟ್‌ಗಳ ಎದುರು ಹಾಗೆ ಕೂಗಬಾರದಿತ್ತು. ಹೋಂಸ್ಟೇ ಕಟ್ಟಲು ಸೊಸೈಟಿಯಲ್ಲಿ ಮಾಡಿದ ಸಾಲ ಇನ್ನೂ ತೀರಿಲ್ಲ. ನಿನ್ನ ಫೀಸು, ಹಾಸ್ಟೆಲ್ಲು ಎಲ್ಲ ಅದರಿಂದಲೇ. ದೊಡ್ಡವರು ತಪ್ಪು ಮಾಡಿದರೂ ಒಳಗೆ ಕರೆದು... ನೋಡು, ತಪ್ಪು ಒಪ್ಪಿಕೊಳ್ಳಬೇಕು ಅಂತ ಕೂತವಳು ನಿನಗೇ ಬುದ್ಧಿ ಹೇಳಲು ಶುರು ಮಾಡಿದೆ.

ನಿನಗೆ ಹೇಳದೆ ಇಟ್ಟುಕೊಂಡದ್ದು ಇನ್ನೊಂದಿದೆ. ಅಪ್ಪನಿಗೂ ಗೊತ್ತಿಲ್ಲ.

ನೀನು ಆಗ ಒಂದನೇ ಕ್ಲಾಸು. ಆಷಾಢದ ಮಳೆ. ಉಪ್ಪಾಗೆ ಹಣ್ಣು ಉದುರುವ ಕಾಲ. ಹಳ್ಳದಾಚೆ ಬೆಟ್ಟದಲ್ಲಿ ಎರಡು ದೊಡ್ಡ ಮರ ಇತ್ತಲ್ಲ, ಅಲ್ಲಿಗೆ ಒಬ್ಬಳೇ ಹೋಗಿದ್ದೆ. ಮರದಿಂದ ಹತ್ತು ಮಾರು ಆಚೆ ಪೊದೆ ಅಲ್ಲಾಡಿತು. ಹೋಗಿ ನೋಡಿದರೆ ಕಾಡುಕುರಿ. ಬೈಕಿನ ಕ್ಲಚ್ ವೈರಿನ ಉರುಳು ಹಿಂಗಾಲಿಗೆ ಬಿದ್ದಿತ್ತು. ಎಳೆದಾಡಿ ಎಳೆದಾಡಿ ಸುತ್ತ ನೆಲವೆಲ್ಲ ಗದ್ದೆಯ ಹಾಗೆ ಕೆಸರಾಗಿತ್ತು. ಕಾಲಿನ ಚರ್ಮ ಹೋಗಿ ಬಿಳಿ ಕಾಣುತ್ತಿತ್ತು. ಕಾಡುಕುರಿ ಹೆದರಿದರೆ ನಾಯಿಯ ಹಾಗೆ ಬೊಗಳುತ್ತದೆ, ನೀನೂ ಕೇಳಿದ್ದೀಯ. ಅದು ಬೊಗಳಲಿಲ್ಲ. ಬಾಯಿ ತೆರೆದುಕೊಂಡು ಸುಮ್ನೆ ನನ್ನನ್ನೇ ನೋಡಿತು.

ನನ್ನ ಕೈಲಿ ಕತ್ತಿ ಇತ್ತು. ವೈರು ಕಟ್ಟಿದ್ದ ಗಿಡ ನನ್ನ ಕೈ ದಪ್ಪ ಇರಲಿಲ್ಲ. ಎರಡು ಏಟು ಸಾಕಿತ್ತು.

ಉರುಳು ಯಾರದು ಅಂತ ಗೊತ್ತಿತ್ತು. ಹಿಂದಿನ ವರ್ಷ ಅಪ್ಪನಿಗೆ ಹಾವು ಕಚ್ಚಿದಾಗ ಆ ಮಳೆಯಲ್ಲಿ ಜೀಪು ತಂದು ಶಿರಸಿಗೆ ಕರೆದುಕೊಂಡು ಹೋದ ಮನುಷ್ಯ. ಅವನ ಉರುಳು ಕಡಿಯುವುದು ಹೇಗೆ? ನಾನು ವಾಪಸು ಬಂದೆ. ಮನೆಗಲ್ಲ, ಮರದ ಬುಡಕ್ಕೆ. ಅದಕ್ಕೆ ಬೆನ್ನು ಹಾಕಿ ಕೂತು ಚೀಲ ತುಂಬುವವರೆಗೂ ಉಪ್ಪಾಗೆ ಹೆಕ್ಕಿದೆ. ಅರ್ಧ ಗಂಟೆ ಆಗಿರಬಹುದು, ಜಾಸ್ತಿಯೂ ಆಗಿರಬಹುದು. ಹಿಂದೆ ಪೊದೆ ಅಲ್ಲಾಡುವುದು ಕೇಳುತ್ತಲೇ ಇತ್ತು. ಒಂದು ಹಣ್ಣೂ ಬಿಡಲಿಲ್ಲ, ಕೊಳೆತದ್ದನ್ನೂ ಹೆಕ್ಕಿದೆ.

ಸಂಜೆ ಬಾಳೆ ಎಲೆಯಲ್ಲಿ ನಮ್ಮ ಮನೆಗೂ ಪಾಲು ಬಂತು. ನಾನೇ ಮಸಾಲೆ ಅರೆದೆ. ನೀನು “ಅಮ್ಮ, ಇನ್ನೊಂದು ತುಂಡು” ಅಂದೆ. ಹಾಕಿದೆ.

ಮೊನ್ನೆ ಡಬ್ಬಿ ಎತ್ತಿ ಹಿಡಿದು “ಇದನ್ನು ಹೇಗೆ ತಿನ್ನಿಸ್ತೀರಿ ಜನಕ್ಕೆ” ಅಂದೆಯಲ್ಲ, ಆಗ ನನ್ನ ಕಿವಿಯಲ್ಲಿ ಇದ್ದದ್ದು ಆ ‘ಇನ್ನೊಂದು ತುಂಡು’.

ಆಗಿನದಕ್ಕೂ ಈಗಿನದಕ್ಕೂ ವ್ಯತ್ಯಾಸ ಇದೆ ಅಂತ ಅಪ್ಪ ವಾದ ಮಾಡುತ್ತಾರೆ. ಇದೆ, ಸುಳ್ಳಲ್ಲ. ಆಗ ವರ್ಷಕ್ಕೆ ಒಂದೋ ಎರಡೋ, ಹತ್ತು ಮನೆಗೆ ಪಾಲು, ದುಡ್ಡಿನ ಮಾತಿಲ್ಲ. ಈಗ “ಅಕ್ಕ, ಕಾಡಿನದ್ದು ಏನಾದ್ರೂ ಸಿಗುತ್ತಾ” ಅಂತ ಬುಕಿಂಗ್ ಮಾಡುವಾಗಲೇ ಕೇಳುತ್ತಾರೆ. ಮೊದಲ ವರ್ಷ ಇಲ್ಲ ಅಂದೆ. ಅವರು ಪಕ್ಕದ ಹೋಂಸ್ಟೇಗೆ ಹೋದರು. ಆಮೇಲೆ ಇಲ್ಲ ಅನ್ನಲಿಲ್ಲ. ತರುವವನು ಆ ಜೀಪಿನವನ ಮಗನೇ. ವಾಟ್ಸಾಪಿನಲ್ಲಿ ‘ಬಂತು’ ಅಂತ ಹಾಕುತ್ತಾನೆ, ಥರ್ಮೋಕೋಲ್ ಪೆಟ್ಟಿಯಲ್ಲಿ ಐಸು ಹಾಕಿ ಪೇಟೆಗೂ ಕಳಿಸುತ್ತಾನೆ. ಕೇಳುವವರಿಗೆ ಕೊನೆಯೇ ಇಲ್ಲ. ಕಾಡಿಗೆ ಇದೆಯಲ್ಲ.

ಕಳೆದ ರಜೆಯಲ್ಲಿ ನೀನು ಹೇಳಿದ್ದು ನೆನಪಿದೆ. ಹಂದಿ ಒಂದು ಸೂಲಿಗೆ ನಾಲ್ಕೈದು ಮರಿ ಹಾಕುತ್ತದೆ, ಕಡವೆ ಎಂಟು ತಿಂಗಳು ಹೊತ್ತು ಒಂದೇ ಹಾಕುತ್ತದೆ, ಕಾಡುಕುರಿಯೂ ಹೆಚ್ಚಾಗಿ ಒಂದೇ ಅಂತ. ಹಂದಿ ಗದ್ದೆ ಹಾಳು ಮಾಡುತ್ತದೆ ಅಂತ ಎಲ್ಲರೂ ಉರುಳು ಹಾಕುವುದು. ಆದರೆ ವೈರಿಗೆ ಹಂದಿ ಯಾವುದು, ಕಡವೆ ಯಾವುದು ಗೊತ್ತಾ? ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು ಅಂದಿದ್ದೆ, ಕಾಳಿ ಕಾಡಿನ ಮಾತು ಬಂದಾಗ. ನನಗೆ ಹುಲಿಗಿಂತ ಮನಸ್ಸಿಗೆ ತಾಗಿದ್ದು ನೆಲ್ಲಿಕಾಯಿ ಮಾತು. ಜಿಂಕೆ, ಕಾಡುಕುರಿ ನೆಲ್ಲಿಕಾಯಿ ತಿಂದು, ಎಲ್ಲೋ ಹೋಗಿ ಮಲಗಿ ಮೆಲುಕು ಹಾಕುವಾಗ ಬೀಜ ಉಗುಳುತ್ತವೆ, ಗಿಡ ಹುಟ್ಟುವುದು ಅಲ್ಲಿ ಅಂದೆ. ನಮ್ಮ ಬೆಟ್ಟದಲ್ಲಿ ಈಗ ಎಳೆ ನೆಲ್ಲಿ ಗಿಡವೇ ಕಾಣುವುದಿಲ್ಲ. ಇರುವುದೆಲ್ಲ ಮುದಿ ಮರ. ಅದಕ್ಕೆ ಇದೇ ಕಾರಣವೋ ಬೇರೆಯೋ, ನೀನೇ ನೋಡಿ ಹೇಳಬೇಕು. ಕಾಡುಕುರಿ ಬೊಗಳಿದ್ದು ಕೇಳಿಯೂ ಎರಡು ಮಳೆಗಾಲ ಆಯಿತು.

ಇಷ್ಟೆಲ್ಲ ಓದಿದ್ದೀಯ ಅಂತ ಪಕ್ಕದ ಮನೆಯವರ ಎದುರು ಜಂಬ ಕೊಚ್ಚಿಕೊಂಡಿದ್ದೇನೆ. ಹಾಗಂತ ಬೇಜಾರಾಗಲಿಲ್ಲ ಅಂತಲ್ಲ.

ನೀನು, ನಿನ್ನ ಹೆಸರು ಹಾಕಿಯೇ ದೂರು ಕೊಡುತ್ತೇನೆ ಅಂದೆಯಲ್ಲ. ಅದೊಂದು ಬೇಡ ಮಗಳೇ. ಮಾಂಸ ತರುವ ಆ ಹುಡುಗ ರಾತ್ರಿ ಕೋವಿ ಹಿಡಿದು ತಿರುಗುವವನು. ನೀನು ಬೆಟ್ಟದಲ್ಲಿ ಒಬ್ಬಳೇ ಪಕ್ಷಿ ನೋಡುತ್ತ ತಿರುಗುವವಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹೊಡೆದವನಷ್ಟೇ ಅಲ್ಲ, ಮಾಂಸ ಕೊಂಡವರೂ ಇಟ್ಟುಕೊಂಡವರೂ ಸಿಕ್ಕಿಬೀಳುತ್ತಾರೆ ಅಂತ ನೀನೇ ಓದಿ ಹೇಳಿದ್ದು. ಹಾಗಾದರೆ ಮೊದಲು ನಾನು. ನಿನ್ನನ್ನು ತಡೆಯಲು ಇದನ್ನು ಬರೆಯುತ್ತಿದ್ದೇನಾ ಅಂತ ನನಗೇ ಅನುಮಾನ ಬರುತ್ತಿದೆ.

ಮಂಗಳವಾರ ಅವನು ಬಂದಿದ್ದ. ಇನ್ನು ಬೇಡ ಅಂದೆ. ನಕ್ಕು, “ಪುಟ್ಟಿ ಹೇಳಿಕೊಟ್ಟಳಾ” ಅಂದ. ಹೌದು ಅಂದುಬಿಟ್ಟೆ. ಹಾಗೆ ಅನ್ನಬಾರದಿತ್ತು, ಈಗ ಅದೇ ಹೆದರಿಕೆ. ನಾನೇ ಬೇಡ ಅಂತಿದ್ದೇನೆ ಅನ್ನಬೇಕಿತ್ತು. ಪೆಟ್ಟಿ ಪಕ್ಕದ ಹೋಂಸ್ಟೇಗೆ ಹೋಯಿತು. ಶನಿವಾರದವರಿಗೆ ಕೋಳಿ ಮಾತ್ರ ಅಂತ ಹೇಳಿದೆ, ಎರಡು ರೂಮು ಕ್ಯಾನ್ಸಲ್ ಆಯಿತು. ಅಪ್ಪ ಏನೂ ಅನ್ನಲಿಲ್ಲ.

ಕಾಡುಕುರಿಯ ವಿಷಯ ಅಪ್ಪನಿಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ. ಹಾಸ್ಟೆಲ್ಲಿನಲ್ಲಿ ಊಟ ಬಿಡಬೇಡ.

ಚಾರ್ಜರ್ ಜೊತೆ ಒಂದು ಡಬ್ಬಿಯೂ ಇದೆ, ನೆಲ್ಲಿಕಾಯಿ ಉಪ್ಪಿನಕಾಯಿ. ಚೀಟಿ ಅಂಟಿಸಿಲ್ಲ. ಮುಚ್ಚಳ ತೆಗೆದು ನೀನೇ ನೋಡು.

ನಿನ್ನ ಅಮ್ಮ