ಬಂದವರಿಗೂ, ಬಟ್ಟೆಯ ತುಂಡು ಕಳಿಸಿದವರಿಗೂ

ಮದುವೆ ಮುಗಿಯಿತು. ಸೂಟ್‌ಕೇಸುಗಳು ಖಾಲಿಯಾದವು, ಫೋಟೋಗಳೂ ಕೈಗೆ ಬಂದವು. ಇನ್ನೂ ಥ್ಯಾಂಕ್ಸ್ ಹೇಳದೆ ಕೂತರೆ ಚೆನ್ನಾಗಿರಲ್ಲ. ಒಬ್ಬೊಬ್ಬರಿಗೂ ಬೇರೆಬೇರೆ ಮೆಸೇಜ್ ಹಾಕೋಣ ಅಂತ ಕೂತೆವು. ಸ್ವಲ್ಪ ಹೊತ್ತಿಗೇ ಎಲ್ಲರಿಗೂ ಅದೇ ಎರಡು ಸಾಲು ಹೋಗತೊಡಗಿತು. ಬೇಡ ಅನ್ನಿಸಿ ನಿಲ್ಲಿಸಿದೆವು. ಯಾರು ಏನು ಮಾಡಿದರು ಅನ್ನೋದು ಉಳಿದವರಿಗೂ ಗೊತ್ತಾಗಲಿ. ಅದಕ್ಕೇ ಇದು ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲ ಥ್ಯಾಂಕ್ಸ್ "ನಮ್ಮಿಂದ ಬರೋಕಾಗಲ್ಲ" ಅಂತ ನೇರವಾಗಿ ಹೇಳಿದವರಿಗೆ. ತಮಾಷೆಗೆ ಹೇಳುತ್ತಿಲ್ಲ. ಊರು ಬಿಟ್ಟು ದೂರದಲ್ಲಿ ಮದುವೆ ಮಾಡಿಕೊಂಡರೆ ಖರ್ಚು ಉಳಿಯುತ್ತದೆ ಅನ್ನುವವರಿದ್ದಾರೆ. ಉಳಿಯುವುದೇನೋ ನಿಜ, ಆದರೆ ಕರೆಯುವವರಿಗೆ. ಜನ ಕಡಿಮೆ, ಜಾಗ ಚಿಕ್ಕದು. ಟಿಕೆಟ್ಟು, ವೀಸಾ, ಆಫೀಸಿನ ರಜೆ, ಮಕ್ಕಳ ಪರೀಕ್ಷೆ, ಮನೆಯ ನಾಯಿಯನ್ನು ನೋಡಿಕೊಳ್ಳೋರು ಯಾರು ಅನ್ನೋ ಚಿಂತೆ, ಇದೆಲ್ಲ ಬರುವವರ ತಲೆಯ ಮೇಲೆ ಬೀಳುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದು ನೆಂಟರಿಗೆ ಕಷ್ಟ. ಸಾಲ ಮಾಡಿಯಾದರೂ ಬಂದುಬಿಡುತ್ತಾರೆ. ಇಲ್ಲವೇ "ನೋಡೋಣ, ನೋಡೋಣ" ಅಂತ ಕೊನೆಯ ವಾರದವರೆಗೂ ಎಳೆಯುತ್ತಾರೆ. ನೀವು ಹಾಗೆ ಮಾಡಲಿಲ್ಲ. "ಕೈಯಲ್ಲಿ ದುಡ್ಡಿಲ್ಲ ಕಣೇ" ಅಂತ ಒಬ್ಬರು ಫೋನಿನಲ್ಲೇ ಹೇಳಿದರು. ಆಮೇಲೆ ಮೊದಲಿನ ಹಾಗೇ ಗಂಟೆಗಟ್ಟಲೆ ಹರಟಿದೆವು. ಅಷ್ಟು ಸಲೀಸಾಗಿ ಹೇಳುವಷ್ಟು ನಂಬಿಕೆ ಇಟ್ಟಿದ್ದೀರಲ್ಲ, ಅದು ನಮಗೆ ದೊಡ್ಡದು.

ಯಾಕೆ ಅಷ್ಟು ದೂರ ಅಂತ ಬಹಳ ಜನ ಕೇಳಿದ್ದಿರಿ. ಎರಡೂ ಮನೆಯವರು ಮೊದಲೇ ದಿಕ್ಕಿಗೊಬ್ಬರಂತೆ ಹರಡಿಕೊಂಡಿದ್ದಾರೆ. ಎಲ್ಲಿ ಮಾಡಿದರೂ ಅರ್ಧ ಜನಕ್ಕೆ ಪ್ರಯಾಣ ತಪ್ಪುತ್ತಿರಲಿಲ್ಲ. ಇನ್ನೊಂದು ಆಸೆಯೂ ಇತ್ತು. ದೊಡ್ಡ ಮದುವೆಯಲ್ಲಿ ಮದುಮಕ್ಕಳಿಗೆ ಯಾರ ಜೊತೆಗೂ ಎರಡು ಮಾತಾಡಲು ಆಗಲ್ಲ. ಸಾಲಾಗಿ ಬರುತ್ತಾರೆ, ನಗುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಮಗೆ ಒಂದೇ ಸೂರಿನಡಿ ಕೆಲವು ದಿನ ಎಲ್ಲರ ಜೊತೆ ಇರಬೇಕಿತ್ತು. ಅದಕ್ಕೇ ಸಮುದ್ರದ ದಂಡೆಯ ಆ ಪುಟ್ಟ ಊರು. ಆಸೆ ಈಡೇರಿತು ಕೂಡ. ಆದರೂ ಎಲ್ಲರಿಗೂ ಹೀಗೇ ಮಾಡಿ ಅಂತ ನಾನು ಹೇಳಲ್ಲ. ಅಜ್ಜಿ-ತಾತ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ, ಅವರಿಲ್ಲದೆ ಮದುವೆ ಅನ್ನೋದೇ ಮನಸ್ಸಿಗೆ ಬರಲ್ಲ ಅನ್ನುವವರು ಸುಮ್ನೆ ಅವರಿರುವ ಕಡೆಯೇ ಮಾಡಿಕೊಳ್ಳುವುದು ಒಳ್ಳೆಯದು. ನಮ್ಮಜ್ಜಿ "ನಾನು ಬರಲ್ಲ, ನೀವು ಹೋಗಿ ಬನ್ನಿ" ಅಂದದ್ದು ಮುನಿಸಿನಿಂದಲ್ಲ ಅಂತ ಖಾತ್ರಿಯಾದ ಮೇಲೇ ನಾವು ಜಾಗ ಬುಕ್ ಮಾಡಿದ್ದು. ಅಜ್ಜೀ, ಆ ಖಾತ್ರಿ ಕೊಟ್ಟಿದ್ದಕ್ಕೆ ಸಾಷ್ಟಾಂಗ ನಮಸ್ಕಾರ.

ಕಾಗದಪತ್ರದ ವಿಷಯದಲ್ಲಿ ನಮ್ಮನ್ನು ಕಾಪಾಡಿದ ಗೆಳತಿಗೆ ಎರಡನೇ ಥ್ಯಾಂಕ್ಸ್. ಬೇರೆ ದೇಶದಲ್ಲಿ ಮದುವೆಯಾದರೆ ಅಲ್ಲೇ ಸರ್ಟಿಫಿಕೇಟ್ ಸಿಗುತ್ತದೆ ಅಂತ ನಾವು ನಿರಾಳವಾಗಿದ್ದೆವು. ಅವಳು ಕೂರಿಸಿ ಬಿಡಿಸಿ ಹೇಳಿದಳು. ದೇಶಕ್ಕೊಂದು ಕಾನೂನು. ಅಮೆರಿಕದ ನೆವಾಡಾದಲ್ಲಿ ಲೈಸೆನ್ಸ್ ತೆಗೆದುಕೊಂಡ ದಿನವೇ ಮದುವೆಯಾಗಬಹುದು. ಫ್ರಾನ್ಸಿನಲ್ಲಿ ಹಾಗಲ್ಲ. ಇಬ್ಬರಲ್ಲೊಬ್ಬರು, ಇಲ್ಲವೇ ಅವರ ಅಪ್ಪ ಅಮ್ಮ, ಮದುವೆಯಾಗುವ ಊರಿನಲ್ಲಿ ಕಡೇಪಕ್ಷ ಒಂದು ತಿಂಗಳಾದರೂ ವಾಸವಾಗಿರಬೇಕು. ಕೆಲವು ಕಡೆ ಹುಟ್ಟಿದ ದಾಖಲೆ ಬೇಕು, ಮದುವೆಯಾಗಿಲ್ಲ ಅನ್ನೋ ಪತ್ರ ಬೇಕು, ಅವುಗಳ ಅನುವಾದ ಬೇಕು, ಮೇಲೆ ಅಪೊಸ್ಟೀಲ್, ಅಂದರೆ ದಾಖಲೆಯ ಸಹಿ ಅಸಲಿ ಅಂತ ಸರ್ಕಾರ ಹಾಕುವ ಮೊಹರು ಬೇಕು. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಾದರೆ ಆ ಒಂದು ಮೊಹರು ಸಾಕು. ಇಲ್ಲದಿದ್ದರೆ ರಾಯಭಾರ ಕಚೇರಿಯ ಬಾಗಿಲು ಕಾಯಬೇಕು. ಇಷ್ಟು ಕೇಳಿದ ಮೇಲೆ ನಾವು ಹೊರಡುವ ಮೊದಲೇ, ನಾವಿರುವ ಕಡೆ, ಇಬ್ಬರು ಸಾಕ್ಷಿಗಳ ಮುಂದೆ ರಿಜಿಸ್ಟರ್ ಮಾಡಿಸಿಕೊಂಡೆವು. ಸಮುದ್ರದ ಮುಂದೆ ನೀವು ಕಣ್ಣೊರೆಸಿಕೊಂಡು ನೋಡಿದಿರಲ್ಲ, ಆಗ ಕಾನೂನಿನ ಪ್ರಕಾರ ನಾವು ಗಂಡ ಹೆಂಡತಿಯಾಗಿ ಬಹಳ ದಿನ ಆಗಿತ್ತು! ಕಣ್ಣೀರು ವಾಪಸ್ ಕೊಡಲಾಗಲ್ಲ, ಕ್ಷಮೆ ಇರಲಿ.

ಈಗ ಕೌದಿಯ ಕಥೆ. ಬರಲಾಗದವರನ್ನು ಮದುವೆಯಲ್ಲಿ ಸೇರಿಸಿಕೊಳ್ಳೋದು ಹೇಗೆ ಅಂತ ಯೋಚನೆ ಬಂದಾಗ ಎಲ್ಲರೂ ವಿಡಿಯೋ ಕಾಲ್ ಅಂದರು. ಅದನ್ನೂ ಮಾಡಿದೆವು. ಆದರೆ ನಮ್ಮ ಬೆಳಗಿನ ಹೊತ್ತಿಗೆ ಕೆಲವರಿಗೆ ನಡುರಾತ್ರಿ. ಗಾಳಿಯ ಸದ್ದಿನಲ್ಲಿ ಅವರಿಗೆ ಅರ್ಧ ಮಾತು ಕೇಳಲೇ ಇಲ್ಲವಂತೆ. ಕೌದಿಯ ಮಾತು ತೆಗೆದದ್ದು ಚಿಕ್ಕಮ್ಮ. "ಬರದಿರೋರೆಲ್ಲ ತಾವು ಉಟ್ಟ ಬಟ್ಟೆಯದ್ದು ಒಂದು ತುಂಡು ಕಳಿಸಲಿ, ನಾನು ಹೊಲೀತೀನಿ" ಅಂದರು. ನಿಯಮಗಳನ್ನೂ ಅವರೇ ಮಾಡಿದರು. ಹತ್ತಿ ಬಟ್ಟೆಯೇ ಆಗಬೇಕು. ತೊಟ್ಟು ಹಳೆಯದಾಗಿರಬೇಕು. ಹೊಸ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಬಣ್ಣ ಬಿಡುತ್ತದೆ, ಪಕ್ಕದ ತುಂಡನ್ನೂ ಕೆಡಿಸುತ್ತದೆ. ಎಲ್ಲ ತುಂಡೂ ಹೆಚ್ಚುಕಡಿಮೆ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ತೆಳುವಾದದ್ದು ಹೊಲಿಗೆಯ ಅಂಚಿನಲ್ಲಿ ಹರಿಯುತ್ತದೆ.

ಯಾರು ಕೇಳ್ತಾರೆ? ಜೀನ್ಸ್ ಬಂತು. ಸ್ಯಾಟಿನ್ ಬಂತು. ಒಂದು ರೇಷ್ಮೆ ಟೈ ಬಂತು. ಚಿಕ್ಕಮ್ಮ ಬೈದುಕೊಂಡೇ ತೆಳು ಬಟ್ಟೆಗಳ ಹಿಂದೆ ಹತ್ತಿಯ ಒಳಪದರ ಕೊಟ್ಟು ಹೊಲಿದರು. ಜೀನ್ಸ್ ತುಂಡಿಗೆ ಮುರಿದ ಸೂಜಿಗಳ ಲೆಕ್ಕ ಅವರು ಇನ್ನೂ ಹೇಳುತ್ತಿದ್ದಾರೆ. ಸೋದರಮಾವ ಕಳಿಸಿದ್ದು ಅಂಗಿಯ ಎದೆಯ ಭಾಗ, ಜೇಬು ಸಮೇತ. ಜೇಬಿನ ಕೆಳಮೂಲೆಯಲ್ಲಿ ಪೆನ್ನು ಸೋರಿದ ನೀಲಿ ಕಲೆ, ಉದ್ದಿನಕಾಳಿನಷ್ಟು. ಚಿಕ್ಕಮ್ಮ ಆ ಕಲೆಯನ್ನು ತೆಗೆಯಲು ಹೋಗಲಿಲ್ಲ. ಸುತ್ತ ಮೂರು ಸುತ್ತು ಎಳೆ ಹಾಕಿ, ಜೇಬಿನ ಬಾಯಿಯನ್ನು ಮಾತ್ರ ಹೊಲಿಯದೆ ಬಿಟ್ಟಿದ್ದಾರೆ. ಯಾಕೆ ಜೇಬೇ ಕಳಿಸಿದಿರಿ ಮಾಮ ಅಂದರೆ, "ಯಾರಾದ್ರೂ ದುಡ್ಡು ಕೊಟ್ರೆ ಇಡೋಕೆ ಜಾಗ ಬೇಡ್ವಾ?" ಅಂದರು. ಇಟ್ಟವರೂ ಇದ್ದಾರೆ ಮಾಮ, ನಿಮ್ಮ ಕಮಿಷನ್ ಬಾಕಿ ಇದೆ.

ಕೌದಿಯನ್ನು ಮುಂದಿನ ಸಾಲಿನ ಬೆಂಚಿನ ಮೇಲೆ ಹಾಸಿದ್ದೆವು. ಅಲ್ಲಿ ಯಾರೂ ಕೂರಬಾರದು ಅನ್ನೋದು ನನ್ನ ಯೋಚನೆ. ಸಂಜೆ ಗಾಳಿ ಜೋರಾದಾಗ ದೊಡ್ಡತ್ತೆ ಅದನ್ನೇ ಎಳೆದು ಹೊದ್ದುಕೊಂಡರು. ಪಕ್ಕದಲ್ಲಿ ಎರಡು ಮಕ್ಕಳೂ ನುಸುಳಿಕೊಂಡವು. ನೋಡಿದ ಮೇಲೆ ಹಾಗೇ ಬಿಟ್ಟೆ. ಬೆಂಚಿನ ಮೇಲೆ ಹರಡಿಡೋದಕ್ಕಿಂತ ಅದೇ ಚೆನ್ನಾಗಿತ್ತು, ಅಲ್ವಾ ಅತ್ತೆ?

ಬೇಡ ಅಂದವರಿಗೂ ಋಣ ಇದೆ. ನಮ್ಮ ಯಜಮಾನರಿಗೆ ದಂಡೆಯ ಮರಳನ್ನು ಪುಟ್ಟ ಬಾಟಲಿಗಳಲ್ಲಿ ತುಂಬಿ ಬಂದವರಿಗೆಲ್ಲ ಕೊಡುವ ಹುಚ್ಚು ಹತ್ತಿತ್ತು. ಮೈದುನ ತಡೆದ. ಎಷ್ಟೋ ಕಡೆ ಅದು ಅಪರಾಧ. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಮರಳು, ಚಿಪ್ಪು, ಕಲ್ಲು ಎತ್ತಿಕೊಂಡು ಹೋದರೆ 2017ರ ಕಾನೂನಿನ ಪ್ರಕಾರ 500ರಿಂದ 3,000 ಯೂರೋವರೆಗೆ ದಂಡ ಇದೆ ಅಂತ ತೋರಿಸಿದ. ಮರಳು ಬಿಟ್ಟೆವು. ಆಮೇಲೆ ನನಗೆ ಬೀಜ ಸೇರಿಸಿದ ಕಾಗದದ ಕಾರ್ಡು ಕೊಡುವ ಆಸೆ ಬಂತು. ಮಣ್ಣಿಗೆ ಹಾಕಿದರೆ ಮೊಳಕೆ ಬರುತ್ತದೆ, ಎಷ್ಟು ಚೆಂದ. ಅದಕ್ಕೂ ಅವನೇ ಅಡ್ಡ. ಬೇರೆಬೇರೆ ದೇಶಕ್ಕೆ ಹೊರಟವರ ಬ್ಯಾಗಿನಲ್ಲಿ ಬೀಜ ಇದ್ದರೆ ಕಸ್ಟಮ್ಸ್‌ನವರು ಸುಮ್ಮನಿರಲ್ಲ. ಗಿಡದ ರೋಗ, ಕೀಟ ಬಾರದ ಹಾಗೆ ಪ್ರಮಾಣಪತ್ರ ಕೇಳುವ ದೇಶಗಳು ಬಹಳ. ನೆಂಟರಿಗೆ ನೆನಪಿನ ಕಾಣಿಕೆ ಅಂತ ದಂಡದ ರಸೀದಿ ಕೊಟ್ಟಂತಾಗುತ್ತಿತ್ತು. ಕೊನೆಗೆ ಕೊಟ್ಟದ್ದು ನಿಮ್ಮದೇ ಫೋಟೋ. ನೀವು ಬಂದಿಳಿದ ದಿನವೇ ತೆಗೆದು ಅಲ್ಲೇ ಪ್ರಿಂಟ್ ಹಾಕಿಸಿದ್ದು.

ತಂಗಿಗೆ ಏನು ಹೇಳಲಿ? ಎಲ್ಲರೂ ಕುಣಿಯುತ್ತಿದ್ದ ರಾತ್ರಿ ಅವಳು ರೂಮಿನಲ್ಲಿ ಕೂತು ನನ್ನ ಹೂವುಗಳನ್ನು ಒಣಗಲು ಹಾಕಿದಳು. ಹೊಸ ಶೂ ಡಬ್ಬದಲ್ಲಿ ಪುಟ್ಟ ಪೊಟ್ಟಣ ಇರುತ್ತಲ್ಲ, ಆ ಸಿಲಿಕಾ ಜೆಲ್ಲನ್ನೇ ಮರಳಿನಂಥ ಸಣ್ಣ ಹರಳಾಗಿ ತಂದಿದ್ದಳು. ಗಾಳಿಯಾಡದ ಡಬ್ಬದ ತಳಕ್ಕೆ ಒಂದು ಪದರ. ಅದರ ಮೇಲೆ ಹೂವನ್ನು ಮುಖ ಮೇಲೆ ಮಾಡಿ ಇಡಬೇಕು. ಆಮೇಲೆ ಚಮಚದಲ್ಲಿ, ಎಸಳುಗಳ ನಡುವೆ, ನಿಧಾನಕ್ಕೆ ಸುರಿಯಬೇಕು. ಒಮ್ಮೆಲೇ ಸುರಿದರೆ ಎಸಳು ಚಪ್ಪಟೆ. ಮುಚ್ಚಿ ಸುಮಾರು ಒಂದು ವಾರ ಬಿಟ್ಟರೆ ಗುಲಾಬಿ ಆಕಾರ ಕೆಡದೆ ಒಣಗುತ್ತದೆ. ಬಣ್ಣ ಮಾತ್ರ ಹಾಗೇ ಉಳಿಯಲ್ಲ. ಕೆಂಪು ಕಪ್ಪಿಗೆ ತಿರುಗಿತು, ಬಿಳಿ ಕೆನೆಬಣ್ಣವಾಯಿತು. ನನಗೆ ಹೀಗೇ ಇಷ್ಟ.

ಹೂವನ್ನು ರೆಸಿನ್‌ನಲ್ಲಿ, ಅಂದರೆ ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವದಲ್ಲಿ, ಕೂರಿಸಿಕೊಡುವ ಒಬ್ಬರು "ಹಸಿ ಹೂವೇ ಕಳಿಸಿ, ಏನೂ ಆಗಲ್ಲ" ಅಂದಿದ್ದರು. ತಂಗಿ ಒಪ್ಪಲಿಲ್ಲ. ಎಸಳಿನಲ್ಲಿ ತೇವ ಉಳಿದರೆ ರೆಸಿನ್ ಒಳಗೇ ಕಂದು ಬಣ್ಣಕ್ಕೆ ತಿರುಗುತ್ತದೆ, ಒಮ್ಮೆ ಗಟ್ಟಿಯಾದ ಮೇಲೆ ಯಾರೂ ಏನೂ ಮಾಡಲಾಗಲ್ಲ. ಚೆನ್ನಾಗಿ ಒಣಗಿದ ಹೂವಾದರೂ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ರೆಸಿನ್ ಹಳದಿಯಾಗುತ್ತದೆ. ಅದಕ್ಕೇ ನಮ್ಮ ಹೂವು ಈಗ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿದೆ, ಬಿಸಿಲು ಬಾರದ ಗೋಡೆಯ ಮೇಲೆ.

ಚಿಕ್ಕಪ್ಪನಿಗೆ ಥ್ಯಾಂಕ್ಸ್ ಹೇಳದೆ ಮುಂದೆ ಹೋಗುವಂತಿಲ್ಲ. ಬಂದವರೆಲ್ಲರ ಬೋರ್ಡಿಂಗ್ ಪಾಸ್ ಒಂದು ಆಲ್ಬಮ್ಮಿಗೆ ಹಾಕಬೇಕು ಅಂತ ನಾನು ಕೂಡಿಸಿದ್ದೆ. ಲ್ಯಾಮಿನೇಟ್ ಮಾಡಿಸಲು ಹೊರಟಾಗ ಅವರು ಕೈ ಹಿಡಿದರು. ಅದು ಥರ್ಮಲ್ ಕಾಗದ, ಶಾಖ ತಗಲಿದರೆ ಪೂರ್ತಿ ಕಪ್ಪಾಗುತ್ತದೆ. ಬೇಕಾದರೆ ನೋಡು ಅಂತ ತಮ್ಮದೇ ಪಾಸಿನ ಅಂಚಿಗೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಿದರು. ಕ್ಷಣದಲ್ಲಿ ಇದ್ದಿಲ ಬಣ್ಣ! ಹಾಗೇ ಇಟ್ಟರೂ ಕೆಲವು ವರ್ಷಕ್ಕೆ ಅಕ್ಷರ ಮಾಸುತ್ತದೆ. ಆದ್ದರಿಂದ ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಳ್ಳೆಯ ಕಾಗದದ ಮೇಲೆ ಮತ್ತೆ ಪ್ರಿಂಟ್ ಹಾಕಿದೆವು. ಅಂಟು ಹಾಳೆಯ ಆಲ್ಬಮ್ಮನ್ನೂ ಅವರೇ ಬೇಡವೆಂದರು. ಆ ಅಂಟು ಹಳದಿಯಾಗುತ್ತದೆ, ಫೋಟೋ ಕಿತ್ತುಕೊಳ್ಳಲು ಬಿಡಲ್ಲ. ಮೂಲೆಗೆ ಸಿಕ್ಕಿಸುವ ಪುಟ್ಟ ಕಾಗದದ ಹಿಡಿಕೆ, ಆಮ್ಲವಿಲ್ಲದ ಹಾಳೆ, ಹಿಂದೆ ಬರೆಯಲು ಮೆತ್ತನೆಯ ಪೆನ್ಸಿಲ್. ಹೆಸರುಗಳನ್ನು ಬರೆಯುವಾಗ ದೂರದ ನೆಂಟರ ಸಂಬಂಧ ಹೇಳಿ ತಿದ್ದಿದ್ದೂ ಅವರೇ.

ಲಗೇಜ್ ಬರದೆ ಉಟ್ಟ ಬಟ್ಟೆಯಲ್ಲೇ ಬಂದಿಳಿದ ಅತ್ತಿಗೆಗೆ ರಾತ್ರೋರಾತ್ರಿ ಬಟ್ಟೆ ಹೊಂದಿಸಿದ ಗೆಳತಿಯರಿಗೆ, ಗಾಳಿ ಜೋರಾದಾಗ ಕುರ್ಚಿಗಳನ್ನೆಲ್ಲ ಒಳಗೆ ಹೊತ್ತ ಹುಡುಗರಿಗೆ, ಅಲ್ಲಿನ ಅಡುಗೆಮನೆಯ ಕೆಲಸದವರಿಗೆ ತುಂಬಾ ಥ್ಯಾಂಕ್ಸ್.

ಕೊನೆಗೆ ತಮ್ಮನ ಕೆಲಸ. ಹಳೆಯ ಟೆಲಿಫೋನಿನ ರಿಸೀವರಿಗೆ ರೆಕಾರ್ಡರ್ ಸೇರಿಸಿ ಮೇಜಿನ ಮೇಲಿಟ್ಟಿದ್ದ. ಎತ್ತಿ ಮಾತಾಡಿದರೆ ಧ್ವನಿ ಉಳಿಯುತ್ತದೆ. ಬಹಳ ಜನ "ಹಲೋ, ಕೇಳಿಸ್ತಿದೆಯಾ?" ಅಂತ ಉತ್ತರಕ್ಕೆ ಕಾದಿದ್ದೀರಿ. ಒಬ್ಬರು ಆಶೀರ್ವಾದ ಮಾಡಿ, ಫೋನ್ ಇಡಲು ಮರೆತು, ಪಕ್ಕದವರ ಜೊತೆ ನಮ್ಮ ಬಗ್ಗೆಯೇ ಮಾತಾಡಿದ್ದಾರೆ. ಒಳ್ಳೆಯದನ್ನೇ ಹೇಳಿದ್ದೀರಿ, ಹೆದರಬೇಡಿ! ತಮ್ಮ ಅದನ್ನೆಲ್ಲ ಮೂರು ಪ್ರತಿ ಮಾಡಿದ್ದಾನೆ. ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ, ಅಮ್ಮನ ಹತ್ತಿರ.

ನಿಮ್ಮ ನಿಮ್ಮ ಧ್ವನಿ ನಿಮಗೂ ಬೇಕಿದ್ದರೆ ತಮ್ಮನಿಗೆ ಹೇಳಿ, ಕಳಿಸುತ್ತಾನೆ. ಬರಲಾಗದವರಿಗೆ ಕೌದಿಯಲ್ಲಿ ಅವರವರ ತುಂಡು ಎಲ್ಲಿದೆ ಅಂತ ಗುರುತು ಹಾಕಿದ ಫೋಟೋ ಅಂಚೆಯಲ್ಲಿ ಬರುತ್ತದೆ. ಮನೆ ಬದಲಾಯಿಸಿದವರು ಹೊಸ ವಿಳಾಸವನ್ನು ಈ ತಿಂಗಳೊಳಗೆ ತಿಳಿಸಿ. ಸ್ಯಾಟಿನ್ ಕಳಿಸಿದವರು ಮೊದಲು ಚಿಕ್ಕಮ್ಮನಿಗೆ ಫೋನ್ ಮಾಡಿ.