ಪಂಪಿನ ವೇಗದಷ್ಟೇ ಪಂಪಿನ ಜಾಗವೂ ಮುಖ್ಯ

ಮಾನ್ಯ ಸಂಪಾದಕರೇ,

ದೊಡ್ಡ ಕಟ್ಟಡಗಳ ಕೋಣೆಗಳನ್ನು ಬೆಚ್ಚಗೆ ಅಥವಾ ತಂಪಾಗಿಡುವ ಬಿಸಿನೀರು ಮತ್ತು ತಣ್ಣೀರಿನ ವ್ಯವಸ್ಥೆಗಳಲ್ಲಿ ವಿದ್ಯುತ್ ಉಳಿಸುವ ಬಗೆ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪ್ಲಾಂಟ್ ರೂಮಿನ (ಯಂತ್ರಗಳ ಕೋಣೆಯ) ಮುಖ್ಯ ಪಂಪಿಗೆ ಮೋಟರಿನ ವೇಗ ಬದಲಿಸುವ ಸಾಧನವಾದ ವಿಎಫ್‌ಡಿ ಅಳವಡಿಸಿ, ಬೇಡಿಕೆ ಇಳಿದಾಗ ವೇಗ ತಗ್ಗಿಸಬೇಕೆಂಬ ಸಲಹೆ ಸರಿಯೇ. ಆದರೆ ಲೇಖನ ಅಲ್ಲಿಗೇ ನಿಂತಿರುವುದರಿಂದ, ಇಂಥ ವ್ಯವಸ್ಥೆಗಳ ವಿನ್ಯಾಸದಲ್ಲಿ ಹಲವು ವರ್ಷ ಕಳೆದಿರುವ ನಾನು ಬಿಟ್ಟುಹೋದ ಭಾಗವನ್ನು ಸೇರಿಸಬಯಸುತ್ತೇನೆ.

ಪಂಪಿನ ವೇಗ ಅರ್ಧಕ್ಕಿಳಿದರೆ ಹರಿವು ಅರ್ಧಕ್ಕೂ, ಹೆಡ್ (ನೀರಿನ ಎತ್ತರದ ಮೀಟರುಗಳಲ್ಲಿ ಅಳೆಯುವ, ಪಂಪು ಕೊಡುವ ಒತ್ತಡ) ಕಾಲು ಭಾಗಕ್ಕೂ, ವಿದ್ಯುತ್ ಬಳಕೆ ಎಂಟನೇ ಒಂದು ಭಾಗಕ್ಕೂ ಇಳಿಯುತ್ತದೆ ಎಂದು ಲೇಖಕರು ಹೇಳಿದ್ದಾರೆ. ಪಂಪು ಕೊಳವೆಯ ಘರ್ಷಣೆಯನ್ನಷ್ಟೇ ಎದುರಿಸುವಾಗ ಈ ಲೆಕ್ಕ ನಿಜ. ಕಟ್ಟಡಗಳಲ್ಲಾದರೋ ಸಾಮಾನ್ಯವಾಗಿ ಕಟ್ಟಕಡೆಯ ಕಾಯಿಲ್‌ನ (ಕೋಣೆಯ ಗಾಳಿಯನ್ನು ಬಿಸಿ ಅಥವಾ ತಂಪು ಮಾಡುವ ಕೊಳವೆಸುರುಳಿಯ) ಬಳಿ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್ ಇಟ್ಟು, ಅಲ್ಲಿ ನಿಗದಿತ ಒತ್ತಡ ಸದಾ ಇರುವಂತೆ ನೋಡಿಕೊಳ್ಳುತ್ತಾರೆ. ಅದು 10 ಮೀಟರ್ ಎಂದಾದರೆ, ಹರಿವು ಎಷ್ಟೇ ಕುಗ್ಗಿದರೂ ಪಂಪು 10 ಮೀಟರಿಗಿಂತ ಕೆಳಗಿಳಿಯುವಂತಿಲ್ಲ. ಎಂಟನೇ ಒಂದು ಭಾಗವೆಂಬ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ.

ಇದಕ್ಕೂ ದೊಡ್ಡ ನಷ್ಟವಾಗುವುದು ಪಂಪಿಗೆ ಸಮೀಪದ ಶಾಖೆಗಳಲ್ಲಿ. ಅತಿ ದೂರದ ಕಾಯಿಲ್‌ಗೆ 30 ಮೀಟರ್ ಹೆಡ್ ಬೇಕೆಂದು ಮುಖ್ಯ ಪಂಪನ್ನು ಆ ಅಳತೆಗೇ ಆರಿಸುತ್ತೇವೆ. 12 ಮೀಟರ್ ಸಾಕಾಗುವ ಹತ್ತಿರದ ಕಾಯಿಲ್‌ಗೂ 30 ಮೀಟರ್ ದೊರೆತು, ಉಳಿದ 18 ಮೀಟರನ್ನು ಹರಿವನ್ನು ತಡೆದು ಹೊಂದಿಸುವ ಬ್ಯಾಲೆನ್ಸಿಂಗ್ ವಾಲ್ವ್ ಮತ್ತು ಕಂಟ್ರೋಲ್ ವಾಲ್ವ್‌ಗಳು ನುಂಗಿಹಾಕುತ್ತವೆ. ಕೊನೆಯ ಸಾಲಿನವರಿಗೆ ಕೇಳಲೆಂದು ಕಿರುಚಿ, ಮುಂದಿನ ಸಾಲಿನವರ ಕಿವಿಗೆ ಹತ್ತಿ ತುರುಕಿದ ಹಾಗೆ. ತಣ್ಣೀರಿನ ವ್ಯವಸ್ಥೆಯಲ್ಲಿ ಹೀಗೆ ವ್ಯರ್ಥವಾದ ಶಕ್ತಿ ಶಾಖವಾಗಿ ನೀರನ್ನೇ ಸೇರುವುದರಿಂದ, ಅದನ್ನು ಹೊರಹಾಕಲು ನೀರು ತಣಿಸುವ ಯಂತ್ರವಾದ ಚಿಲ್ಲರ್ ಮತ್ತೊಮ್ಮೆ ದುಡಿಯಬೇಕಾಗುತ್ತದೆ.

ವಾಲ್ವ್‌ನ ಜಾಗದಲ್ಲಿ, ಆ ಶಾಖೆಗೆ ಬೇಕಾದಷ್ಟೇ ಹೆಡ್ ಕೊಡುವ, ವೇಗ ಬದಲಿಸಬಲ್ಲ ಸಣ್ಣ ಪಂಪನ್ನಿಡುವುದು ಇದಕ್ಕೊಂದು ಪರಿಹಾರ. ಆಗ ಪ್ಲಾಂಟ್ ರೂಮಿನ ಪಂಪಿಗೆ ಚಿಲ್ಲರ್ ಅಥವಾ ಬಾಯ್ಲರ್ ಮೂಲಕ ನೀರು ಹಾಯಿಸುವ ಕೆಲಸವಷ್ಟೇ ಉಳಿಯುತ್ತದೆ. ಚೀನಾದ ನಗರಗಳ ಕೇಂದ್ರೀಕೃತ ಶಾಖ ಜಾಲಗಳಲ್ಲಿ ಇದೇ ತತ್ವವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದಾರೆ. ಸಣ್ಣ ಪಂಪುಗಳೂ ಮೊದಲಿನಂತಿಲ್ಲ: ಯುರೋಪಿನ ಒಕ್ಕೂಟವು 2013ರಲ್ಲಿ ಜಾರಿಗೆ ತಂದು 2015ರಲ್ಲಿ ಬಿಗಿಗೊಳಿಸಿದ ದಕ್ಷತಾ ಮಿತಿಗಳಿಂದಾಗಿ, ಶಾಶ್ವತ ಅಯಸ್ಕಾಂತದ ಮೋಟರಿದ್ದು ತಾವೇ ವೇಗ ಹೊಂದಿಸಿಕೊಳ್ಳುವ ಪಂಪುಗಳು ಅಲ್ಲಿ ವಾಡಿಕೆಯಾಗಿವೆ.

ಹಾಗೆಂದು ಎಲ್ಲ ಕಡೆಯೂ ಸಣ್ಣ ಪಂಪುಗಳನ್ನೇ ಹಾಕಿ ಎನ್ನುವವರನ್ನೂ ನಾನು ಒಪ್ಪಲಾರೆ. ಮೋಟರ್ ಮತ್ತು ಡ್ರೈವ್ ಸೇರಿ ದೊಡ್ಡ ಪಂಪಿನ ದಕ್ಷತೆ ಶೇ 70, ಸಣ್ಣದರದ್ದು ಶೇ 42 ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 1 ಲೀಟರ್ ನೀರನ್ನು 30 ಮೀಟರ್ ಹೆಡ್‌ನಲ್ಲಿ ದೂಡಲು ದೊಡ್ಡ ಪಂಪಿಗೆ ಸುಮಾರು 420 ವ್ಯಾಟ್ ಬೇಕು. 12 ಮೀಟರಿನ ಶಾಖೆಯಲ್ಲಿ ಸಣ್ಣ ಪಂಪು ಅಷ್ಟೇ ನೀರನ್ನು 280 ವ್ಯಾಟ್‌ನಲ್ಲಿ ಹರಿಸುತ್ತದೆ. ಅಲ್ಲಿ ಅದು ಗೆಲ್ಲುತ್ತದೆ. 30 ಮೀಟರಿನ ಶಾಖೆಯಲ್ಲಿ ಅದಕ್ಕೇ 700 ವ್ಯಾಟ್ ಬೇಕಾಗಿ ಸೋಲುತ್ತದೆ. ಎರಡೂ ಸಮವಾಗುವುದು 18 ಮೀಟರಿನಲ್ಲಿ. ಇದು ಪೂರ್ಣ ಹರಿವಿನ ಲೆಕ್ಕ. ಕಟ್ಟಡಗಳು ವರ್ಷದ ಬಹುಪಾಲು ಭಾಗಶಃ ಹೊರೆಯಲ್ಲೇ ನಡೆಯುವುದರಿಂದ, ನಿಗದಿತ ಒತ್ತಡದ ಹಂಗಿಲ್ಲದ ಸಣ್ಣ ಪಂಪಿನ ಕಡೆಗೆ ತಕ್ಕಡಿ ಇನ್ನಷ್ಟು ವಾಲುತ್ತದೆ. ಆದರೂ ಶಾಖೆಗಳ ದೂರದಲ್ಲಿ ಹೆಚ್ಚು ಅಂತರವಿಲ್ಲದ, ಅಡಕವಾದ ಕಟ್ಟಡದಲ್ಲಿ ಇದರಿಂದಾಗುವ ಲಾಭ ಅತ್ಯಲ್ಪ. ನೋಡಿಕೊಳ್ಳಬೇಕಾದ ಯಂತ್ರಗಳು ಮಾತ್ರ ಹತ್ತಾರು. ಕೆಲವೆಡೆ ಮುಖ್ಯ ಪಂಪಿನ ಹೆಡ್ ತಗ್ಗಿಸಿ, ದೂರದ ಶಾಖೆಗಳಿಗೆ ಮಾತ್ರ ಬೂಸ್ಟರ್ ಪಂಪು ಕೊಡುವ ನಡುದಾರಿಯೇ ಲೇಸು.

ಹಳೆಯ ಕಟ್ಟಡವನ್ನು ಹೀಗೆ ಮಾರ್ಪಡಿಸುವವರು ಒಂದು ಸಂಗತಿಯನ್ನು ಮರೆಯಬಾರದು. ಪ್ರತಿ ಶಾಖೆಗೂ ತನ್ನದೇ ಪಂಪಿರುವ, ಪೂರ್ತಿ ವಿಕೇಂದ್ರೀಕೃತ ಜಾಲದಲ್ಲಿ ಕೊಳವೆಗಳ ಒತ್ತಡದ ಕ್ರಮವೇ ತಿರುವುಮುರುವಾಗುತ್ತದೆ. ದೂರ ಹೋದಂತೆಲ್ಲ ಮರಳುವ ಕೊಳವೆಯ ಒತ್ತಡ ಪೂರೈಕೆಯ ಕೊಳವೆಗಿಂತ ಹೆಚ್ಚಾಗಿರುತ್ತದೆ. ಆದ್ದರಿಂದ ನಿಂತಿರುವ ಪಂಪಿನ ಮೂಲಕ ನೀರು ಹಿಮ್ಮುಖವಾಗಿ ಹರಿಯದಂತೆ ಪ್ರತಿ ಶಾಖೆಗೂ ನಾನ್‌ರಿಟರ್ನ್ ವಾಲ್ವ್ ಬೇಕೇ ಬೇಕು. ಖರ್ಚು ಉಳಿಸಲೆಂದು ನಾಲ್ಕಾರು ಕಾಯಿಲ್‌ಗಳನ್ನು ಪಂಪಿಲ್ಲದೆ ಹಳೆಯ ವಾಲ್ವ್‌ನೊಂದಿಗೇ ಬಿಟ್ಟರೆ, ಅವುಗಳೊಳಗೆ ಬಳಸಿ ಬಂದ ನೀರೇ ತಿರುಗಿ ನುಗ್ಗುತ್ತದೆ. ಆಮೇಲೆ ಆ ಕೋಣೆಗಳಿಂದ ಬರುವ ದೂರುಗಳಿಗೆ ಎಲ್ಲರೂ ಚಿಲ್ಲರನ್ನು ಬೈಯುತ್ತಾರೆ.

ಟೆಂಡರ್ ಕರೆಯುವ ಮೊದಲು ಕಟ್ಟಡದ ಮಾಲೀಕರು ಪ್ರತಿ ಶಾಖೆಗೆ ಬೇಕಾದ ಹೆಡ್‌ನ ಪಟ್ಟಿಯನ್ನು ವಿನ್ಯಾಸಕಾರರಿಂದ ಕೇಳಿ ಪಡೆಯಲಿ. ಮುಖ್ಯ ಪಂಪಿನ ಗಾತ್ರವನ್ನು ನಿರ್ಧರಿಸಲು ಆ ಲೆಕ್ಕವನ್ನು ಹೇಗೂ ಮಾಡಲೇಬೇಕು. ಇಂದು ಅದರಲ್ಲಿ ಅತಿ ದೊಡ್ಡ ಅಂಕಿಯೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಕಡತದಲ್ಲೇ ಬಿಡುತ್ತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಎಂಜಿನಿಯರ್